ಕಾನೂನು ಪದವಿ: ಫಲಿತಾಂಶದವರೆಗೆ ಕಾಯುವುದೇಕೆ?

ದ್ವಿತೀಯ ಪಿಯುಸಿ ಫಲಿತಾಂಶ ಪ್ರಕಟವಾಗುವ ಎಪ್ರಿಲ್ ತಿಂಗಳಲ್ಲಿ ನಮ್ಮ ಪಟ್ಟಣಗಳ ಮನೆಮನೆಗಳಲ್ಲೂ ಒಂದೇ ಚರ್ಚೆ: ಮುಂದೇನು? ಅಂಕಪಟ್ಟಿ ಕೈಗೆ ಬಂದ ಮೇಲೆ ಬಂಧುಗಳ, ನೆರೆಯವರ, ಗಲ್ಫಿನಲ್ಲಿರುವ ಮಾವನ ಸಲಹೆ ಕೇಳಲಾಗುತ್ತದೆ. ವೈದ್ಯಕೀಯ ಸೀಟು ದೊರೆಯದಿದ್ದರೆ ಇಂಜಿನಿಯರಿಂಗ್, ಅದೂ ಕೈಗೂಡದಿದ್ದರೆ ಬಿ.ಕಾಂ. ಇವೆಲ್ಲ ಮುಗಿದ ಮೇಲೆ ಯಾರಾದರೊಬ್ಬರು, ‘ವಕೀಲಿಯಾದರೂ ಓದಿಸಬಹುದಲ್ಲ’ ಎನ್ನುತ್ತಾರೆ. ಅಷ್ಟರಲ್ಲಿ ಕಾನೂನು ಶಿಕ್ಷಣದ ಅತ್ಯುತ್ತಮ ಸಂಸ್ಥೆಗಳ ಪ್ರವೇಶ ಪರೀಕ್ಷೆ ಮುಗಿದು ನಾಲ್ಕು ತಿಂಗಳು ಕಳೆದಿರುತ್ತದೆ!

ಐದು ವರ್ಷಗಳ ಕಾನೂನು ಪದವಿಗೆ ಹೊಸ ರೂಪ ಕೊಟ್ಟದ್ದು ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್. 1988ರಲ್ಲಿ ಅಲ್ಲಿ ಮೊದಲ ತಂಡ ತರಗತಿಗೆ ಕುಳಿತಿತು. ಆ ಬಳಿಕ ವಿವಿಧ ರಾಜ್ಯಗಳಲ್ಲಿ ಇಂತಹ ವಿಶ್ವವಿದ್ಯಾಲಯಗಳು ಹುಟ್ಟಿಕೊಂಡವು. 2008ರಿಂದ ಇವುಗಳಿಗೆ ‘ಕ್ಲ್ಯಾಟ್’ ಎಂಬ ಸಾಮಾನ್ಯ ಪ್ರವೇಶ ಪರೀಕ್ಷೆ ನಡೆಯುತ್ತಿದೆ. ಹಿಂದೆ ಈ ಪರೀಕ್ಷೆ ಬೇಸಿಗೆಯಲ್ಲಿರುತ್ತಿತ್ತು. ಆದರೆ 2022ರ ಅಂತ್ಯದಿಂದ ಅದು ಡಿಸೆಂಬರ್ ತಿಂಗಳಿಗೆ ಬಂದಿದೆ. ಅಂದರೆ ವಿದ್ಯಾರ್ಥಿ ದ್ವಿತೀಯ ಪಿಯುಸಿಯ ಪಾಠ ಕೇಳುತ್ತಿರುವಾಗಲೇ, ಮಳೆಗಾಲದಿಂದ ದೀಪಾವಳಿಯ ಆಸುಪಾಸಿನೊಳಗೆ, ಅರ್ಜಿ ಸಲ್ಲಿಸಿ ಮುಗಿಸಿರಬೇಕು. ಅಂಕಗಳ ವಿಷಯದಲ್ಲಿ ಹೆಚ್ಚಿನ ಕಟ್ಟುಪಾಡುಗಳಿಲ್ಲ. ಸಾಮಾನ್ಯ ವರ್ಗದವರಿಗೆ ಪಿಯುಸಿಯಲ್ಲಿ ಶೇ. 45 ಅಂಕಗಳು ಸಾಕು. ಕಲೆ, ವಾಣಿಜ್ಯ, ವಿಜ್ಞಾನ ಯಾವ ವಿಭಾಗವಾದರೂ ಆಗಬಹುದು. ವಯಸ್ಸಿನ ಮೇಲ್ಮಿತಿಯೂ ಇಲ್ಲ. ಇಲ್ಲಿ ಕೊರತೆಯಾಗುವುದು ಅರ್ಹತೆಯಲ್ಲ, ಸಮಯ.

ಎರಡು ಗಂಟೆಗಳ ಆ ಪರೀಕ್ಷೆಯಲ್ಲಿ 120 ಪ್ರಶ್ನೆಗಳಿರುತ್ತವೆ. ಇಂಗ್ಲಿಷ್, ಪ್ರಚಲಿತ ವಿದ್ಯಮಾನ, ಕಾನೂನು ತರ್ಕ, ಸಾಮಾನ್ಯ ತರ್ಕ ಮತ್ತು ಸರಳ ಗಣಿತ ಅದರ ಭಾಗಗಳು. ದೀರ್ಘ ಗದ್ಯಭಾಗವನ್ನು ವೇಗವಾಗಿ ಓದಿ ಅರ್ಥೈಸಿಕೊಳ್ಳುವವನಿಗೆ ಮಾತ್ರ ಇದು ಸುಲಭ. ಕಾನೂನಿನ ಪೂರ್ವಜ್ಞಾನ ಬೇಕಾಗಿಲ್ಲ, ಓದುವ ಅಭ್ಯಾಸ ಬೇಕು. ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿ ಬಂದ ಮಗುವಿಗೆ ಆ ಅಭ್ಯಾಸ ಮೂರು ತಿಂಗಳ ಕೋಚಿಂಗಿನಿಂದ ಬರುವುದಿಲ್ಲ. ಪ್ರಥಮ ಪಿಯುಸಿಯ ಮೊದಲ ದಿನದಿಂದಲೇ ದಿನಕ್ಕೊಂದು ಇಂಗ್ಲಿಷ್ ಪತ್ರಿಕೆಯ ಸಂಪಾದಕೀಯವನ್ನು ಓದತೊಡಗಿದರೆ ಒಂದೂವರೆ ವರ್ಷದಲ್ಲಿ ಬರಬಹುದು. ಆದ್ದರಿಂದ ನಿರ್ಧಾರದ ನಿಜವಾದ ಕಾಲ ಎಸ್ಸೆಸ್ಸೆಲ್ಸಿಯ ನಂತರದ ರಜಾದಿನಗಳೇ ಹೊರತು ಪಿಯುಸಿಯ ನಂತರದ ರಜಾದಿನಗಳಲ್ಲ.

ಹಾಗೆಂದು ಹದಿನಾರರ ಹರೆಯದ ಪ್ರತಿಯೊಂದು ಮಗುವನ್ನೂ ಅವಸರಪಡಿಸಬೇಕೆಂದು ನಾವು ಹೇಳುತ್ತಿಲ್ಲ. ಕಾನೂನು ಶಿಕ್ಷಣಕ್ಕೆ ಬೇರೆ ಹಾದಿಗಳೂ ಇವೆ. 2009ರ ಕಾಯ್ದೆಯ ಮೂಲಕ ಸ್ಥಾಪನೆಯಾದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಅಧೀನದ ಕಾಲೇಜುಗಳು ರಾಜ್ಯದ ಹಲವು ಜಿಲ್ಲೆಗಳಲ್ಲಿವೆ. ಅವುಗಳಲ್ಲಿ ಪಿಯುಸಿಯ ನಂತರ ಐದು ವರ್ಷಗಳ ಪದವಿಯೂ ಯಾವುದೇ ಪದವಿಯ ನಂತರ ಮೂರು ವರ್ಷಗಳ ಎಲ್‌ಎಲ್‌ಬಿಯೂ ಲಭ್ಯ. ನ್ಯಾಷನಲ್ ಲಾ ಸ್ಕೂಲ್ ಕೂಡ 2022ರಲ್ಲಿ ತನ್ನದೇ ಪ್ರವೇಶ ಪರೀಕ್ಷೆಯೊಂದಿಗೆ ಮೂರು ವರ್ಷಗಳ ಎಲ್‌ಎಲ್‌ಬಿ ಆರಂಭಿಸಿತು. ದಕ್ಷಿಣ ಕನ್ನಡದವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಝೀರ್ ಮೂಡುಬಿದಿರೆಯಲ್ಲಿ ಬಿ.ಕಾಂ. ಮುಗಿಸಿ, ಮಂಗಳೂರಿನಲ್ಲಿ ಕಾನೂನು ಓದಿ, 2017ರಲ್ಲಿ ಸುಪ್ರೀಂ ಕೋರ್ಟಿನ ಪೀಠವೇರಿದರು. ಪದವಿಯ ನಂತರ ಕಾನೂನು ಓದಿದವರು ಹಿಂದುಳಿಯುತ್ತಾರೆಂಬ ಮಾತಿನಲ್ಲಿ ಹುರುಳಿಲ್ಲ.

ಲೆಕ್ಕ ಹಾಕಿ ನೋಡೋಣ. ಹದಿನೆಂಟಕ್ಕೆ ಪಿಯುಸಿ ಮುಗಿಸಿದವನು ಐದು ವರ್ಷಗಳ ಕೋರ್ಸಿನಲ್ಲಿ 23ಕ್ಕೆ ಕಾನೂನು ಪದವೀಧರನಾಗುತ್ತಾನೆ. ಮೂರು ವರ್ಷಗಳ ಪದವಿ, ಮತ್ತೆ ಮೂರು ವರ್ಷಗಳ ಎಲ್‌ಎಲ್‌ಬಿ ಮಾಡಿದವನು 24ಕ್ಕೆ. ವ್ಯತ್ಯಾಸ ಕೇವಲ ಒಂದು ವರ್ಷ! ಹೀಗಾಗಿ ‘ವರ್ಷ ಉಳಿಯುತ್ತದೆ’ ಎಂಬ ಕಾರಣಕ್ಕೆ ಮನಸ್ಸಿಲ್ಲದ ಮಗುವನ್ನು ಐದು ವರ್ಷಗಳ ಕೋರ್ಸಿಗೆ ತಳ್ಳುವುದು ವಿವೇಕವಲ್ಲ. ವಾದ, ಓದು, ಬರವಣಿಗೆಗಳಲ್ಲಿ ಸಹಜ ಆಸಕ್ತಿಯಿರುವ ಮಗು ಮೊದಲೇ ಅರ್ಜಿ ಹಾಕಲಿ. ಇನ್ನೂ ತನ್ನನ್ನು ತಾನು ಅರಿಯದ ಮಗು ಪದವಿ ಮುಗಿಸಿ ಬರಲಿ. ಆದರೆ ಈ ಆಯ್ಕೆ ತಿಳಿದು ಮಾಡಿದ್ದಾಗಿರಬೇಕು. ಅರ್ಜಿಯ ದಿನಾಂಕ ಗೊತ್ತಿರಲಿಲ್ಲವೆಂಬುದರಿಂದ ಬಂದದ್ದಾಗಬಾರದು.

ಹಣದ ಪ್ರಶ್ನೆಯೂ ಸಣ್ಣದಲ್ಲ. ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳಲ್ಲಿ ಶುಲ್ಕ ಮತ್ತು ಹಾಸ್ಟೆಲ್ ವೆಚ್ಚ ವರ್ಷಕ್ಕೆ ಲಕ್ಷಗಳಲ್ಲಿದೆ. ಶೈಕ್ಷಣಿಕ ಸಾಲ, ವಿದ್ಯಾರ್ಥಿವೇತನ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳಿಗಾಗಿ ಕೊನೆಯ ವಾರದಲ್ಲಿ ತಾಲೂಕು ಕಚೇರಿಗೆ ಓಡಿದರೆ ಕೆಲಸವಾಗದು. ರಾಜ್ಯದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರಿಗೆ ಬೆಂಗಳೂರಿನ ಲಾ ಸ್ಕೂಲಿನಲ್ಲಿ ಶೇ. 25 ಸೀಟುಗಳ ಮೀಸಲು ಇದೆ. ಅದಕ್ಕೆ ಬೇಕಾದ ಶಾಲಾ ದಾಖಲೆಗಳನ್ನೂ ಮೊದಲೇ ಸಂಗ್ರಹಿಸಿಟ್ಟುಕೊಳ್ಳುವುದು ಒಳಿತು.

ಪದವಿಯೊಂದಿಗೆ ಎಲ್ಲವೂ ಮುಗಿಯುವುದಿಲ್ಲವೆಂಬುದನ್ನು ಹೆತ್ತವರು ಅರಿತಿರಬೇಕು. ವಕೀಲಿ ನಡೆಸಲು ನೋಂದಣಿಯ ಜೊತೆಗೆ ಅಖಿಲ ಭಾರತ ಬಾರ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಬೇಕು. ನೋಂದಣಿ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿಗಳನ್ನು ಮೀರಬಾರದೆಂದು 2024ರ ಜುಲೈ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆದೇಶಿಸಿದ್ದು ಬಡ ಕುಟುಂಬಗಳ ಪಾಲಿಗೆ ಸಮಾಧಾನದ ಸಂಗತಿ. ಇನ್ನು ಸಿವಿಲ್ ನ್ಯಾಯಾಧೀಶರ ಹುದ್ದೆಯ ಪರೀಕ್ಷೆಗೆ ಮೂರು ವರ್ಷಗಳ ವಕೀಲಿ ಅನುಭವ ಬೇಕೆಂದು ಅದೇ ನ್ಯಾಯಾಲಯ 2025ರ ಮೇ ತಿಂಗಳಲ್ಲಿ ತೀರ್ಪಿತ್ತಿತು. ಹಿರಿಯ ವಕೀಲರ ಕೈಕೆಳಗಿನ ಮೊದಲ ವರ್ಷಗಳಲ್ಲಿ ಸಂಪಾದನೆ ಅತ್ಯಲ್ಪ. ಪದವಿ ಪಡೆದ ಮರುತಿಂಗಳೇ ಮಗನಿಂದ ಮನೆ ಖರ್ಚನ್ನು ನಿರೀಕ್ಷಿಸುವ ಕುಟುಂಬ ಈ ಹಾದಿಗೆ ಇಳಿಯುವ ಮುನ್ನ ಯೋಚಿಸಬೇಕು.

ಹೆಣ್ಣುಮಕ್ಕಳ ವಿಷಯದಲ್ಲಂತೂ ಈ ಲೆಕ್ಕಾಚಾರ ಇನ್ನಷ್ಟು ಸೂಕ್ಷ್ಮ. ಮದುವೆಯ ಮಾತು ಬಂದೊಡನೆ ಕಲಿಕೆ ಅರ್ಧಕ್ಕೆ ನಿಲ್ಲುತ್ತದೆ. ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಎಂ. ಫಾತಿಮಾ ಬೀವಿ ಕೇರಳದ ಪತ್ತನಂತಿಟ್ಟದ ಮುಸ್ಲಿಮ್ ಕುಟುಂಬದವರು. ವಿಜ್ಞಾನ ಪದವಿಯ ನಂತರ ಕಾನೂನು ಓದುವಂತೆ ಅವರನ್ನು ಹುರಿದುಂಬಿಸಿದ್ದು ಅವರ ತಂದೆ. 1950ರಲ್ಲಿ ವಕೀಲರಾಗಿ ನೋಂದಾಯಿಸಿಕೊಂಡ ಅವರು 1989ರಲ್ಲಿ ದೇಶದ ಅತ್ಯುನ್ನತ ಪೀಠದಲ್ಲಿ ಕುಳಿತರು. ಆ ಕಾಲದ ತಂದೆಯೊಬ್ಬರಿಗೆ ಸಾಧ್ಯವಾದುದು ಇಂದಿನ ತಂದೆಯಂದಿರಿಗೆ ಏಕೆ ಅಸಾಧ್ಯವಾಗಬೇಕು?

ಆಸ್ತಿ ಪಾಲಿನ ವ್ಯಾಜ್ಯ, ಜೀವನಾಂಶ, ಬಾಡಿಗೆ ತಕರಾರು, ಠಾಣೆಯಲ್ಲಿನ ದೂರು ಎಂದು ನಮ್ಮ ಕುಟುಂಬಗಳು ನ್ಯಾಯಾಲಯದ ಮೆಟ್ಟಿಲೇರುತ್ತಲೇ ಇವೆ. ತನ್ನ ಸಂಕಟವನ್ನು ಸಂಕೋಚವಿಲ್ಲದೆ ಹೇಳಿಕೊಳ್ಳಲು ಒಬ್ಬ ವಕೀಲೆಯನ್ನು ಹುಡುಕುವ ಹೆಣ್ಣುಮಗಳು ಪ್ರತಿ ಪಟ್ಟಣದಲ್ಲೂ ಇದ್ದಾಳೆ. ನಮ್ಮ ಜಮಾಅತ್‌ಗಳು ಫಲಿತಾಂಶದ ನಂತರ ಪ್ರತಿಭಾ ಪುರಸ್ಕಾರ ಏರ್ಪಡಿಸಿ ಸ್ಮರಣಿಕೆ ಹಂಚುತ್ತವೆ. ಸಂತೋಷ. ಆದರೆ ಜೂನ್ ತಿಂಗಳಲ್ಲಿ ಪ್ರಥಮ ಪಿಯುಸಿಗೆ ಸೇರಿದ ಮಕ್ಕಳನ್ನೂ ಹೆತ್ತವರನ್ನೂ ಒಂದು ಸಂಜೆ ಕೂಡಿಸಿ, ಊರಿನ ವಕೀಲರೊಬ್ಬರನ್ನು ಕರೆಸಿ, ಯಾವ ಅರ್ಜಿ ಯಾವ ತಿಂಗಳಿಗೆಂದು ತಿಳಿಸಿಕೊಟ್ಟರೆ ಅದರ ಪ್ರಯೋಜನ ಸ್ಮರಣಿಕೆಗಿಂತ ಹಿರಿದು. ಖರ್ಚೂ ಕಡಿಮೆ.