ಖಾಲಿ ಪ್ಯಾಕೆಟ್‌ಗೇ ಕಂಪ್ಯೂಟರ್ ಸುಸ್ತು! (ವೈಫೈ ಮಾತು, ಭಾಗ 3)

ಫ್ರೆಂಡ್ಸ್, ಇವತ್ತಿನ ಮಾತು ಇಷ್ಟೇ: "ಒಂದೇ ವೈಫೈಲಿ ಇರೋರೆಲ್ಲ ನಮ್ಮೋರೇ" ಅನ್ನೋ ನಂಬಿಕೆ ಬಿಡೋಣ.

ಪ್ರಿಂಟ್ ಒತ್ತಿದ ತಕ್ಷಣ ಪ್ರಿಂಟರ್ ಹೆಸರು ತಾನಾಗೇ ಬರುತ್ತಲ್ಲ, ಅದರ ಹಿಂದೆ ಒಬ್ಬ ಡಂಗುರದವನು ಇರ್ತಾನೆ. ಲಿನಕ್ಸ್‌ನಲ್ಲಿ ಅವನ ಹೆಸರು ಅವಾಹಿ. "ಇಲ್ಲಿ ಪ್ರಿಂಟರ್ ಇದೆ, ಅಲ್ಲಿ ಫೈಲ್ ಇದೆ" ಅಂತ ನೆಟ್‌ವರ್ಕ್‌ಗೆಲ್ಲ ಸಾರೋದು, ಬೇರೆಯವರು ಸಾರಿದ್ದನ್ನ ಕೇಳಿಸ್ಕೊಳ್ಳೋದು ಅವನ ಕೆಲಸ. ಅದಕ್ಕೆ 5353ನೇ ಪೋರ್ಟ್ ತೆರೆದೇ ಇರುತ್ತೆ. ಬಂದೋರು ಯಾರು ಅಂತ ಕೇಳಲ್ಲ.

2010ರಲ್ಲಿ ಇದರಲ್ಲೊಂದು ದೋಷ ಸಿಕ್ತು. ಕೆಟ್ಟ ಪ್ಯಾಕೆಟ್ ಬಂದ್ರೆ ಅವಾಹಿ ಬಿದ್ದೇ ಹೋಗ್ತಿತ್ತು. ರಿಪೇರಿ ಆಯ್ತು. ಆ ರಿಪೇರಿಯಿಂದಲೇ 2011ರಲ್ಲಿ ಇನ್ನೊಂದು ದೋಷ! ಒಳಗೆ ಏನೂ ಇಲ್ಲದ ಖಾಲಿ ಪ್ಯಾಕೆಟ್ ಬಂದ್ರೆ "ಸೊನ್ನೆ" ಅಂತ ಎತ್ತಿಡದೆ ಬಿಟ್ಬಿಡೋದು. ಪ್ಯಾಕೆಟ್ ಬಾಗಿಲಲ್ಲೇ ಕೂತಿರುತ್ತೆ, ಮತ್ತೆ ಕರೆ, ಮತ್ತೆ ನೋಡೋದು, ಮತ್ತೆ ಬಿಡೋದು. ಸಿಪಿಯು ಪೂರ್ತಿ ಅದಕ್ಕೇ ಖರ್ಚು. 0.6.29ನೇ ಆವೃತ್ತಿಯಲ್ಲಿ ಸರಿಮಾಡಿದ್ರು. ಇದು ಡೇಟಾ ಕದಿಯೋ ದೋಷ ಅಲ್ಲ, ನಿಜ. ಆದ್ರೆ ಪರೀಕ್ಷೆ ಫೀಸ್ ಕಟ್ಟೋ ಕೊನೆ ದಿನ ಕಂಪ್ಯೂಟರ್ ನಿಂತ್ಹೋದ್ರೆ?

ಹಳೇ ಕಥೆ ಅಂತೀರಾ? 2024ರ ಸೆಪ್ಟೆಂಬರ್‌ನಲ್ಲಿ ಸಿಮೋನೆ ಮಾರ್ಗರಿಟೆಲ್ಲಿ ಅನ್ನೋ ಸಂಶೋಧಕ ತೋರಿಸಿದ್ದು ಇನ್ನೂ ದೊಡ್ಡದು. ಪ್ರಿಂಟರ್ ಹುಡುಕೋ ಕಪ್ಸ್-ಬ್ರೌಸ್ಡ್ 631ನೇ ಪೋರ್ಟ್‌ಗೆ ಯಾರು ಏನು ಹೇಳಿದ್ರೂ ನಂಬ್ತಿತ್ತು. ಕಳ್ಳ ಪ್ರಿಂಟರ್ ಸೇರಿಸಿ, ನಾವು ಅದಕ್ಕೆ ಪ್ರಿಂಟ್ ಕೊಟ್ಟಾಗ ಅವನ ಆಜ್ಞೆ ನಮ್ಮ ಕಂಪ್ಯೂಟರಲ್ಲಿ ಓಡಿಸಬಹುದಿತ್ತು.

"ಲಿನಕ್ಸ್ ಯಾರ್ ಬಳಸ್ತಾರೆ ಗುರು?" ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಸೇರಿ ಕೇರಳದ ಸರ್ಕಾರಿ ಶಾಲೆಗಳ ಲ್ಯಾಬಲ್ಲಿ ಉಬುಂಟು ಆಧಾರಿತ ಲಿನಕ್ಸೇ ಇರೋದು. ಇನ್ನು ಸಿಕ್ಕವರನ್ನ ನಂಬೋ ಅಭ್ಯಾಸಕ್ಕೆ ವಿಂಡೋಸ್, ಲಿನಕ್ಸ್ ಅನ್ನೋ ಭೇದ ಇಲ್ಲ.

ಆಡಿಟಿಂಗಲ್ಲಿ ಇಂಟರ್ನಲ್ ಕಂಟ್ರೋಲ್ ಓದ್ತೀವಲ್ಲ? ಕ್ಯಾಷಿಯರ್ ಎಷ್ಟೇ ಒಳ್ಳೆಯವನಾದ್ರೂ ಲೆಕ್ಕ ಬೇರೆಯವರು ನೋಡ್ಲೇಬೇಕು. ಅದು ಅನುಮಾನ ಅಲ್ಲ, ಪದ್ಧತಿ. ವೈಫೈಗೂ ಅದೇ.

ನಮ್ಮ ದೊಡ್ಡಬಳ್ಳಾಪುರದ ಜೆರಾಕ್ಸ್ ಅಂಗಡಿ ಕಂಪ್ಯೂಟರ್‌ಗಳಲ್ಲಿ ಮಗ್ಗದೋರ ಜಿಎಸ್‌ಟಿ ಬಿಲ್ಲಿಂದ ಹಿಡಿದು ನಮ್ಮ ಆಧಾರ್‌ವರೆಗೂ ಇರುತ್ತೆ. ಹಾಗಾಗಿ ಅಂಗಡಿ ಆಗ್ಲಿ, ಕಾಲೇಜ್ ಆಗ್ಲಿ, ಮೂರು ಕೆಲಸ ಮಾಡ್ಲೇಬೇಕು ಅನ್ನೋದು ನನ್ನ ವಾದ:

👉 ಬಂದೋರಿಗೆ ಕೊಡೋ ವೈಫೈ ಬೇರೆ, ಕೆಲಸದ ಕಂಪ್ಯೂಟರ್‌ದು ಬೇರೆ
👉 ಅಪ್‌ಡೇಟ್ ಬಂದಾಗ "ಆಮೇಲೆ" ಒತ್ತೋದು ನಿಲ್ಲಿಸಿ. ರಿಪೇರಿ ಬರೋದೇ ಅದರಲ್ಲಿ
👉 ನೆಟ್‌ವರ್ಕ್ ಪ್ರಿಂಟರೇ ಇಲ್ದಿದ್ರೆ ಹುಡುಕೋ ಸೇವೆ ಆಫ್ ಮಾಡಿ

ಇದಕ್ಕೆ ಖರ್ಚಿಗಿಂತ ಜಾಸ್ತಿ ಬೇಕಾಗಿರೋದು ಮನಸ್ಸು.

ನಿಮ್ಮೂರ ಅಂಗಡೀಲಿ ವೈಫೈ ಪಾಸ್‌ವರ್ಡ್ ಗೋಡೆ ಮೇಲೆ ಅಂಟ್ಸಿದಾರಾ? ಕಾಮೆಂಟಲ್ಲಿ ಹೇಳಿ (ಪಾಸ್‌ವರ್ಡ್ ಮಾತ್ರ ಬರೀಬೇಡ್ರಪ್ಪಾ 😅)

#ವೈಫೈಮಾತು #ದೊಡ್ಡಬಳ್ಳಾಪುರ #ಬಿಕಾಂಹುಡುಗರು