ಪಾಲೋ, ಜೀವನಾಂಶವೋ?

1856ರ ಹಿಂದೂ ವಿಧವಾ ಪುನರ್ವಿವಾಹ ಕಾಯ್ದೆಯನ್ನು ಹೊಗಳುವವರಲ್ಲಿ ಹೆಚ್ಚಿನವರು ಅದರ ಎರಡನೆಯ ಕಲಮನ್ನು ಓದಿರುವುದಿಲ್ಲ. ವಿಧವೆ ಮತ್ತೆ ಮದುವೆಯಾಗಬಹುದು ಎಂದು ಮೊದಲ ಕಲಮು ಬಾಗಿಲು ತೆರೆಯಿತು. ಅವಳು ಹೊಸ್ತಿಲು ದಾಟಿದ ಗಳಿಗೆಯಲ್ಲೇ ಸತ್ತಳೋ ಎಂಬಂತೆ, ಮೊದಲ ಗಂಡನ ಆಸ್ತಿಯಲ್ಲಿ ಅವಳಿಗಿದ್ದ ಹಕ್ಕನ್ನೆಲ್ಲ ಎರಡನೆಯ ಕಲಮು ಮುಂದಿನ ವಾರಸುದಾರರಿಗೆ ದಾಟಿಸಿತು. ನಮ್ಮ ಕಡೆಯ ಉಡಕಿ, ಕೂಡಿಕೆ ಎಂಬ ಮರುಮದುವೆಗಳಲ್ಲೂ ರೂಢಿ ಹೆಚ್ಚುಕಡಿಮೆ ಇದೇ. ಮತ್ತೊಬ್ಬನ ಸೀರೆ ಉಟ್ಟವಳು ಹಳೆಯ ಮನೆಯ ಹೊಲದ ಮಾತೆತ್ತುವಂತಿರಲಿಲ್ಲ.

ಆಸ್ತಿಯ ಮಟ್ಟಿಗೆ ಆ ಕಾಲ ಮುಗಿಯಿತು. 1956ರ ಉತ್ತರಾಧಿಕಾರ ಕಾಯ್ದೆ ಹೆಂಡತಿಗೆ ಬಂದ ಆಸ್ತಿಯನ್ನು ಪೂರ್ತಿ ಅವಳದೇ ಮಾಡಿತು. ಮುಗಿಯದೇ ಉಳಿದದ್ದು ಪಿಂಚಣಿಯಲ್ಲಿ. ಅದೂ ನಮ್ಮಲ್ಲಿ ಮಾತ್ರವಲ್ಲ, ಅಮೆರಿಕದಲ್ಲೂ.

ಅಲ್ಲಿನ ಸೋಷಿಯಲ್ ಸೆಕ್ಯುರಿಟಿ ಕಾನೂನು 1935ರದು. ಹೆಂಡತಿ, ವಿಧವೆಯರಿಗೆ ಅದರಲ್ಲಿ ಜಾಗ ಸಿಕ್ಕಿದ್ದು 1939ರಲ್ಲಿ, ವಿಚ್ಛೇದಿತೆಗೆ 1965ರಲ್ಲಿ. ಆಗ ದಾಂಪತ್ಯ 20 ವರ್ಷ ಬಾಳಿರಬೇಕಿತ್ತು. 1977ರ ತಿದ್ದುಪಡಿ ಅದನ್ನು 10ಕ್ಕೆ ಇಳಿಸಿತು. ಇಂದಿನ ನಿಯಮದಂತೆ 10 ವರ್ಷ ಬಾಳಿ ಬಿಟ್ಟವಳಿಗೆ 62 ತುಂಬಿದ ಮೇಲೆ ಮಾಜಿ ಗಂಡನ ದುಡಿಮೆಯ ದಾಖಲೆಯ ಮೇಲೆ ಪಿಂಚಣಿ ಕೇಳುವ ಹಕ್ಕಿದೆ. ಪೂರ್ಣ ನಿವೃತ್ತಿ ವಯಸ್ಸಿನವರೆಗೆ ಕಾದರೆ ಅವನ ಪೂರ್ಣ ಪಿಂಚಣಿಯ ಅರ್ಧದವರೆಗೆ ಸಿಗುತ್ತದೆ. ಅವಳ ಸ್ವಂತ ದುಡಿಮೆಯ ಪಿಂಚಣಿ ಅದಕ್ಕಿಂತ ದೊಡ್ಡದಿದ್ದರೆ ಅದಷ್ಟೇ. ಇದರಿಂದ ಅವನ ಪಾವತಿಯಲ್ಲಿ ಒಂದು ಡಾಲರೂ ಕಡಿಮೆಯಾಗುವುದಿಲ್ಲ, ಅವನ ಹೊಸ ಹೆಂಡತಿಗೂ ಕೊರತೆಯಿಲ್ಲ. ಅವನು ಎಷ್ಟು ಸಲ ಮದುವೆಯಾದರೂ ಸರಿ. ಅವಳು ಆಗುವಂತಿಲ್ಲ. ಆದಳೋ, ಹಳೆಯ ದಾಖಲೆಯ ಹಕ್ಕು, ಆ ಹೊಸ ಮದುವೆ ಇರುವಷ್ಟು ಕಾಲ, ಸಾಮಾನ್ಯವಾಗಿ ನಿಂತುಹೋಗುತ್ತದೆ. (ಕಾನೂನಿನ ಮಾತಿನಲ್ಲಿ ಗಂಡಸಿಗೂ ಇದೇ ನಿಯಮ. ಸಂಬಳವಿಲ್ಲದೆ ಮನೆ ನೋಡಿಕೊಂಡವರು ಬಹುಪಾಲು ಹೆಂಗಸರೇ ಆದ್ದರಿಂದ 'ಅವಳು' ಎಂದೇ ಬರೆಯುತ್ತಿದ್ದೇನೆ.)

ನ್ಯೂಜೆರ್ಸಿಯಲ್ಲೋ ಸ್ಯಾನ್ ಹೊಸೆಯಲ್ಲೋ ಇರುವ ಒಬ್ಬ ಕನ್ನಡತಿಯನ್ನು ಊಹಿಸಿಕೊಳ್ಳಿ. ಗಂಡನ ಹಿಂದೆ ಎಚ್-4 ವೀಸಾದಲ್ಲಿ ಹೋದವಳು. ಆ ವೀಸಾದವರಲ್ಲಿ ಕೆಲವರಿಗಾದರೂ ಕೆಲಸದ ಪರವಾನಗಿ ಸಿಗತೊಡಗಿದ್ದು 2015ರಲ್ಲಿ. ಅದಕ್ಕೆ ಮೊದಲು ಎಂಜಿನಿಯರಿಂಗ್ ಪದವಿ ಟ್ರಂಕಿನಲ್ಲೇ ಇತ್ತು, ಇವಳು ಮಕ್ಕಳನ್ನು ಶಾಲೆಗೆ ಬಿಟ್ಟು ಕರೆತರುತ್ತಿದ್ದಳು. ಸ್ವಂತ ಪಿಂಚಣಿಗೆ 40 ಕ್ರೆಡಿಟ್ ಬೇಕು, ಅಂದರೆ ಸುಮಾರು 10 ವರ್ಷದ ದುಡಿಮೆ. ಅದು ಅವಳಿಗೆ ಕೂಡಿಬಂದಿಲ್ಲ. ಗ್ರೀನ್ ಕಾರ್ಡ್ ಬಂತು, ಹದಿನಾರನೇ ವರ್ಷಕ್ಕೆ ದಾಂಪತ್ಯ ಮುರಿಯಿತು. ಅರವತ್ತರ ಆಚೆ ಕಡೆ ಇವಳಿಗೊಬ್ಬ ಜೊತೆಗಾರ ಸಿಗುತ್ತಾನೆ, ಇವಳಿಗಿಂತ ಚಿಕ್ಕವನು, ಇನ್ನೂ ಪಿಂಚಣಿ ಶುರುಮಾಡದವನು. ತಾಳಿ ಕಟ್ಟಿದ ತಿಂಗಳೇ ಹಳೆಯ ಪಿಂಚಣಿ ನಿಲ್ಲುತ್ತದೆ. ಹೊಸ ಗಂಡ ತನ್ನದನ್ನು ಶುರುಮಾಡುವವರೆಗೆ ಅವನ ಲೆಕ್ಕದಲ್ಲೂ ಇವಳಿಗೆ ಏನೂ ಇಲ್ಲ. ಮದುವೆಯಾಗದೆ ಒಂದೇ ಮನೆಯಲ್ಲಿ ಇದ್ದರೆ? ಪಿಂಚಣಿಗೆ ಏನೂ ಆಗುವುದಿಲ್ಲ. ಕುಟುಂಬ ಮೌಲ್ಯಗಳ ಬಗ್ಗೆ ಅಷ್ಟೊಂದು ಭಾಷಣ ಮಾಡುವ ದೇಶ ತನ್ನ ಅಜ್ಜಿಯರಿಗೆ ಕೊಡುತ್ತಿರುವ ಸಲಹೆ ಇದು.

ಇದರ ಹಿಂದಿನ ತರ್ಕ ಸರಳ: ಹೆಂಗಸು ಯಾರದೋ ಆಶ್ರಯದಲ್ಲಿರುವವಳು, ಆಶ್ರಯದಾತ ಬದಲಾದರೆ ಅವಳನ್ನು ಸಾಕುವ ಹೊಣೆಯೂ ಬದಲಾಗಬೇಕು. ಅಂದರೆ ಈ ಪಿಂಚಣಿ ಜೀವನಾಂಶ. ನನ್ನ ತಕರಾರು ಇರುವುದು ಇಲ್ಲೇ. 10 ವರ್ಷ ಎಂಬ ಷರತ್ತನ್ನು ನೋಡಿ. ಆಶ್ರಯವಷ್ಟೇ ಅಳತೆಗೋಲಾಗಿದ್ದರೆ ಒಂಬತ್ತು ವರ್ಷ ಬಾಳಿ ಬರಿಗೈಯಲ್ಲಿ ಹೊರಬಿದ್ದವಳಿಗೂ ಕೊಡಬೇಕಿತ್ತು, ಅವಳಿಗೆ ಕೊಡುವುದಿಲ್ಲ. ಇಷ್ಟು ವರ್ಷದ ಸಂಸಾರಕ್ಕೆ ಇಷ್ಟು ಎಂದು ಅಳೆದಮೇಲೆ ಅದು ಗಳಿಕೆ, ಅದು ಪಾಲು. ಒಳಗೆ ಬಿಡುವಾಗ ಪಾಲಿನ ಲೆಕ್ಕ, ಹೊರಗೆ ಹಾಕುವಾಗ ಜೀವನಾಂಶದ ಲೆಕ್ಕ.

ಮಾಜಿ ಗಂಡ ತೀರಿಕೊಂಡರಂತೂ ನಿಯಮವೇ ಬೇರೆ. ಆಗ 10 ವರ್ಷ ಬಾಳಿದ ವಿಚ್ಛೇದಿತೆಯೂ ವಿಧವೆಯಂತೆಯೇ, ಅವನ ಪಿಂಚಣಿಯ ಪೂರ್ತಿ ಮೊತ್ತದವರೆಗೆ ಪಡೆಯಬಹುದು. ಅಂಗವಿಕಲರಿಗೆ 50, ಉಳಿದವರಿಗೆ 60 ತುಂಬಿದ ಮೇಲೆ ಮರುಮದುವೆಯಾದರೆ ಅಡ್ಡಿಯಿಲ್ಲ. 59ರಲ್ಲಿ ಆದರೆ, ಆ ಮದುವೆ ಇರುವವರೆಗೆ ಇಲ್ಲ. ಒಂದು ಹುಟ್ಟುಹಬ್ಬದ ಆಚೆಗೆ ಆಶ್ರಯದ ಸಿದ್ಧಾಂತ ಸುಳ್ಳಾಗುತ್ತದೆ ಎಂದು ಕಾನೂನೇ ಒಪ್ಪಿಕೊಂಡಂತಾಯಿತು. ಸತ್ತವನ ದಾಖಲೆಗೆ ಸಲ್ಲುವ ಈ ಉದಾರತೆ ಬದುಕಿರುವವನ ದಾಖಲೆಗೆ ಏಕೆ ಸಲ್ಲಬಾರದು? ಎರಡೂ ಕಡೆಯಿಂದ ಬಾಚಿಕೊಳ್ಳುತ್ತಾರೆ ಎಂಬ ಭಯವೂ ಬೇಡ: ಎರಡು ದಾಖಲೆಗಳ ಮೇಲೆ ಹಕ್ಕಿದ್ದರೂ ಕೈಗೆ ಬರುವುದು ಎರಡರಲ್ಲಿ ದೊಡ್ಡ ಮೊತ್ತದಷ್ಟೇ.

ಇನ್ನೊಂದು ಆಕ್ಷೇಪಕ್ಕೆ ಮಾತ್ರ ತೂಕವಿದೆ. ಗಂಡನ ಸಂಬಳದಿಂದ ಕಡಿತವಾದದ್ದು ಅವನೊಬ್ಬನ ವಂತಿಗೆ. ಹೆಂಡತಿ, ಮಾಜಿ ಹೆಂಡತಿಯರಿಗೆಂದು ಅವನು ಹೆಚ್ಚು ಕಟ್ಟಿಲ್ಲ. ಒಂಟಿಯಾಗಿ ದುಡಿದವಳೂ ಅಷ್ಟೇ ಕಟ್ಟಿದ್ದಾಳೆ. ಹಾಗಿರುವಾಗ ಇದನ್ನು ಪಾಲು ಎನ್ನುವುದು ಹೇಗೆ, ಉಳಿದವರೆಲ್ಲ ಸೇರಿ ಕೊಟ್ಟ ನೆರವಲ್ಲವೇ? ನಿಜ. ಅದಕ್ಕೇ ನನಗೆ ಅಮೆರಿಕದ ದಾರಿಗಿಂತ ಜರ್ಮನಿಯದು ಮೆಚ್ಚುಗೆ. ಪಶ್ಚಿಮ ಜರ್ಮನಿ 1977ರ ಜುಲೈಯಿಂದ ವಿಚ್ಛೇದನದ ಹೊತ್ತಿಗೇ ಪಿಂಚಣಿಯ ಲೆಕ್ಕ ತೀರಿಸತೊಡಗಿತು. ದಾಂಪತ್ಯದ ವರ್ಷಗಳಲ್ಲಿ ಇಬ್ಬರೂ ಕೂಡಿಸಿದ ಪಿಂಚಣಿ ಹಕ್ಕನ್ನು ಸರಿಯಾಗಿ ಎರಡು ಭಾಗ ಮಾಡಿ ಅವರವರ ಖಾತೆಗೆ ಹಾಕುವುದು. ಕೆನಡಾ ಕೂಡ 1978ರಿಂದ ತನ್ನ ಪಿಂಚಣಿ ಯೋಜನೆಯಲ್ಲಿ ಇಂಥದೇ ಹಂಚಿಕೆ ಮಾಡುತ್ತಿದೆ. ಇಲ್ಲಿ ಉಳಿದವರ ದುಡ್ಡಿನ ಪ್ರಶ್ನೆಯಿಲ್ಲ. ಒಬ್ಬರ ಖಾತೆಯಿಂದ ಹೋದದ್ದು ಇನ್ನೊಬ್ಬರ ಖಾತೆಗೆ. ಅವಳು ನಾಳೆಯೇ ಮದುವೆಯಾದರೂ ಅವಳ ಖಾತೆ ಅವಳದೇ. ಗಂಡನಿಗೆ ನೋವಾಗುತ್ತದೆ, ಅರ್ಧ ಹೋಗುತ್ತದಲ್ಲ. ಅಮೆರಿಕದ ಪದ್ಧತಿ ಜನಪ್ರಿಯವಾಗಿರುವುದಕ್ಕೆ ಆ ನೋವನ್ನು ಅದು ತಪ್ಪಿಸಿರುವುದೂ ಒಂದು ಕಾರಣವಿರಬೇಕು ಎಂಬ ಗುಮಾನಿ ನನಗಿದೆ.

ನಮ್ಮ ಕಡೆಗೆ ತಿರುಗಿದರೆ ಅಮೆರಿಕವನ್ನು ದೂರಲು ಬಾಯಿಯೇ ಬರುವುದಿಲ್ಲ. ಹಳೆಯ ಪಿಂಚಣಿ ನಿಯಮಗಳಡಿಯ ಕೇಂದ್ರ ಸರ್ಕಾರಿ ನೌಕರ ತೀರಿಕೊಂಡರೆ ವಿಚ್ಛೇದಿತ ಹೆಂಡತಿಗೆ ಕುಟುಂಬ ಪಿಂಚಣಿ ಇಲ್ಲ, 30 ವರ್ಷ ಬಾಳಿದ್ದರೂ ಇಲ್ಲ. ವಿಧವೆಗಾದರೆ ಇದೆ, ಮರುಮದುವೆಯಾಗುವವರೆಗೆ. 2006ರಿಂದ ಮಕ್ಕಳಿಲ್ಲದ ವಿಧವೆಗೆ ಮಾತ್ರ ರಿಯಾಯಿತಿ: ಬೇರೆ ವರಮಾನ ಕನಿಷ್ಠ ಪಿಂಚಣಿಯ ಮಿತಿಯನ್ನು ಮುಟ್ಟದಿದ್ದರೆ ಮರುಮದುವೆಯ ನಂತರವೂ ಅದು ಮುಂದುವರಿಯುತ್ತದೆ. ಎಲ್ಲಕ್ಕಿಂತ ವಿಚಿತ್ರವಾದದ್ದು ವಿಚ್ಛೇದಿತ ಮಗಳ ನಿಯಮ. ಸ್ವಂತ ವರಮಾನವಿಲ್ಲದ ವಿಚ್ಛೇದಿತೆಗೆ, ಕೆಲವು ಷರತ್ತುಗಳೊಂದಿಗೆ, ಸರ್ಕಾರಿ ನೌಕರನಾಗಿದ್ದ ತಂದೆಯ ಕುಟುಂಬ ಪಿಂಚಣಿ ಸಿಗಬಹುದು, ಅದೂ ಮರುಮದುವೆಯಾಗುವವರೆಗೆ. ಹೆಂಡತಿಯಾಗಿ ದುಡಿದ ವರ್ಷಗಳಿಗೆ ಬೆಲೆಯಿಲ್ಲ, ಮಗಳಾಗಿ ಹುಟ್ಟಿದ್ದಕ್ಕೆ ಉಂಟು. ಅಪ್ಪನಿಂದ ಗಂಡನಿಗೆ, ಗಂಡನಿಂದ ಮತ್ತೆ ಅಪ್ಪನಿಗೆ ಅವಳನ್ನು ದಾಟಿಸುವ ಈ ಲೆಕ್ಕದ ಪುಸ್ತಕದಲ್ಲಿ ಅವಳ ಹೆಸರಿಗೊಂದು ಪುಟವನ್ನೇ ಯಾರೂ ತೆರೆದಿಲ್ಲ.

ಕಾನೂನು ಬದಲಾಗುವವರೆಗೆ ಲೆಕ್ಕ ತಿಳಿದಿರುವುದು ಒಳ್ಳೆಯದು. ಅಮೆರಿಕದಲ್ಲಿ ನಿಮ್ಮ ತಂಗಿಯೋ ಗೆಳತಿಯೋ ಒಂಬತ್ತೂವರೆ ವರ್ಷದ ದಾಂಪತ್ಯ ಮುರಿದುಕೊಳ್ಳಲು ಹೊರಟಿದ್ದರೆ ಕಾರಣ ಕೆದಕಬೇಡಿ. ಡಿಕ್ರಿ ಅಂತಿಮವಾಗುವ ದಿನಾಂಕ 10 ವರ್ಷ ದಾಟಿರಲಿ ಎಂದಷ್ಟು ಹೇಳಿ. ಮಾಜಿ ಗಂಡನನ್ನು ಕಳೆದುಕೊಂಡ 59ರವಳು ಲಗ್ನಪತ್ರಿಕೆ ಅಚ್ಚು ಹಾಕಿಸುತ್ತಿದ್ದರೆ, ಮುಹೂರ್ತವನ್ನು 60ರ ಹುಟ್ಟುಹಬ್ಬದ ಆಚೆಗೆ ಇಡಿಸಿ.