ಕೊನೆಗೌಡನೂ ಬೇಕು, ಫಿಟ್ಟರನೂ ಬೇಕು



ಮೃಗಶಿರೆ ಮಳೆ ಹಿಡಿಯುವ ಮೊದಲು ಮೊದಲ ಮದ್ದು ಮುಗಿಯಬೇಕೆಂಬುದು ನಮ್ಮ ಹಿರಿಯರಿಂದ ಬಂದ ಲೆಕ್ಕ. ಈ ವರ್ಷ ಮೈಲುತುತ್ತ ಬಂದಿದೆ, ಸುಣ್ಣ ಬಂದಿದೆ, ಸಂಘದ ಗೋದಾಮಿನಲ್ಲಿ ರಾಳವೂ ಇದೆ. ಇಲ್ಲದಿರುವುದು ಮರ ಹತ್ತುವ ಆಳು ಮಾತ್ರ. ಕಳೆದ ತಿಂಗಳು ಕಚೇರಿಗೆ ಬಂದ ಸದಸ್ಯರಲ್ಲಿ ಹೆಚ್ಚಿನವರು ಕೇಳಿದ್ದು ಅಡಿಕೆಯ ಧಾರಣೆಯನ್ನಲ್ಲ, "ಎಲ್ಲಾದರೂ ಒಬ್ಬ ಕೊನೆಗೌಡ ಇದ್ದಾನೆಯೇ?" ಎಂಬುದನ್ನು. ಇದು ಒಬ್ಬಿಬ್ಬರ ತಾಪತ್ರಯವಲ್ಲ. ಆದ್ದರಿಂದ ಈ ಸಂಚಿಕೆಯಲ್ಲಿ ಧಾರಣೆಯ ಮಾತನ್ನು ಬದಿಗಿಟ್ಟು ಈ ವಿಷಯವನ್ನೇ ಎತ್ತಿಕೊಂಡಿದ್ದೇವೆ.

ಮೊದಲಿಗೆ ಒಂದು ಸಂಗತಿ. ಮೇ ತಿಂಗಳ ಕೊನೆಯಲ್ಲಿ ನಮ್ಮ ಮದ್ದಿನ ಪಂಪು ಕೈಕೊಟ್ಟಿತು. ಅದನ್ನು ಜೀಪಿಗೆ ಹೇರಿಕೊಂಡು ಅಂಬೇವಾಡಿಯ ಒಂದು ವರ್ಕ್‌ಶಾಪಿಗೆ ಹೋದೆವು. ಅಲ್ಲಿ ಪಂಪನ್ನು ಬಿಚ್ಚಿ, ಅರ್ಧ ತಾಸಿನೊಳಗೆ ದೋಷ ಹಿಡಿದ ಹುಡುಗನ ಮುಖ ಎಲ್ಲೋ ನೋಡಿದ ಹಾಗಿತ್ತು. ವಿಚಾರಿಸಿದರೆ, ಇಪ್ಪತ್ತು ವರ್ಷ ನಮ್ಮೂರಿನ ತೋಟಗಳಲ್ಲಿ ಕೊನೆ ಕೊಯ್ದ ಕೊನೆಗೌಡನ ಮಗ! ಐಟಿಐಯಲ್ಲಿ ಫಿಟ್ಟರ್ ಕಲಿತು ಗೋವೆಯ ಒಂದು ಕಾರ್ಖಾನೆಯಲ್ಲಿದ್ದಾನೆ. ರಜೆಯಲ್ಲಿ ಬಂದವನು ಗೆಳೆಯನ ವರ್ಕ್‌ಶಾಪಿನಲ್ಲಿ ಕೈ ಆಡಿಸುತ್ತಿದ್ದ. "ಗೋವೆಯಲ್ಲಿ ಕೊಡುವುದಕ್ಕಿಂತ ಹೆಚ್ಚು ಇಲ್ಲಿ ಕೊಡುತ್ತೇವೆ, ಸುಗ್ಗಿಯ ನಾಲ್ಕು ತಿಂಗಳು ಬರುತ್ತೀಯಾ?" ಎಂದೆವು. ಅವನು ಕೈ ಒರೆಸಿಕೊಳ್ಳುತ್ತ ಹೇಳಿದ: "ಅಲ್ಲಿ ಏನಾದರೂ ಆದರೆ ಇಎಸ್‌ಐ ಉಂಟು, ಪಿಎಫ್ ಉಂಟು, ಹೆಗಡೇರೆ. ನಿಮ್ಮಲ್ಲಿ ಬಿದ್ದರೆ ಪಟ್ಟಿ ಎತ್ತುತ್ತೀರಿ. ಅಪ್ಪನಿಗೆ ಎತ್ತಿದಿರಲ್ಲ."

ಹೌದು, ಎತ್ತಿದ್ದೆವು. ಅವನಪ್ಪ ಮಳೆಗಾಲದಲ್ಲಿ ಪಾಚಿಗಟ್ಟಿದ ಮರದಿಂದ ಜಾರಿ ಬಿದ್ದಾಗ ಮನೆಮನೆಗೆ ಹೋಗಿ ಹಣ ಕೂಡಿಸಿದವರಲ್ಲಿ ನಾವೂ ಇದ್ದೆವು. ಅಂದು ದೊಡ್ಡ ಉಪಕಾರ ಮಾಡಿದೆವೆಂದುಕೊಂಡಿದ್ದೆವು. ಆ ಪಟ್ಟಿಯ ಹಣ ಆಸ್ಪತ್ರೆಯ ಬಾಗಿಲು ದಾಟುವಷ್ಟರಲ್ಲಿ ಮುಗಿದಿತ್ತೆಂಬುದು ಆ ಹುಡುಗನಿಗೆ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ. ಪಂಪು ಸರಿಯಾಯಿತು. ಉತ್ತರ ಹೇಳಲಾಗದೆ ಮನೆಗೆ ಬಂದೆವು.

"ಜನರೇ ಇಲ್ಲ, ಇದ್ದವರು ಸೋಮಾರಿಗಳಾದರು" ಎಂಬ ಮಾತು ನಮ್ಮ ಜಗಲಿಗಳಲ್ಲಿ ದಿನವೂ ಕೇಳಿಬರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಅದು ನಿಜವಲ್ಲ. ಕುಶಲ ಕೈಗಳಿಗೆ ನಮ್ಮ ಸೀಮೆಯಲ್ಲಿ ಬರವಿಲ್ಲ. ಅವು ಒಂದು ಕಡೆ ಒಟ್ಟುಗೂಡಿವೆ, ಇನ್ನೊಂದು ಕಡೆ ಇಲ್ಲವಾಗಿವೆ. ಹೀಗೇಕಾಯಿತೆಂದು ತಿಳಿಯಬೇಕಾದರೆ ಸುತ್ತಲಿನ ತಾಲ್ಲೂಕುಗಳನ್ನು ಒಮ್ಮೆ ನೋಡಬೇಕು.

ಅಂಬೇವಾಡಿ–ದಾಂಡೇಲಿಗೆ ರೈಲು ಬಂದದ್ದು ಕಾಡಿನ ಮರಮಟ್ಟು ಸಾಗಿಸಲು. ವೆಸ್ಟ್ ಕೋಸ್ಟ್ ಕಾಗದದ ಕಾರ್ಖಾನೆ 1955ರಲ್ಲಿ ಸ್ಥಾಪನೆಯಾಗಿ 1959ರಲ್ಲಿ ಉತ್ಪಾದನೆ ಆರಂಭಿಸಿತು. ಪ್ಲೈವುಡ್ ಕಾರ್ಖಾನೆ, ಫೆರೋ ಅಲಾಯ್ ಕಾರ್ಖಾನೆಗಳೂ ಇದ್ದವು, ಅವು ಮುಚ್ಚಿದವು. ಆದರೆ ಕಾರ್ಖಾನೆ ಮುಚ್ಚಿದರೂ ಕಸುಬು ಮುಚ್ಚಲಿಲ್ಲ. ಅಪ್ಪ ಟರ್ನರ್ ಆಗಿದ್ದ ಮನೆಯಲ್ಲಿ ಮಗ ವೆಲ್ಡರ್ ಆದ, ಮೊಮ್ಮಗ ಎಲೆಕ್ಟ್ರಿಷಿಯನ್ ಆದ. ಊರಿನಲ್ಲಿ ಕೆಲಸ ಸಾಲದಾದಾಗ ಅವರು ಹುಬ್ಬಳ್ಳಿಗೆ, ಬೆಳಗಾವಿಗೆ, ಗೋವೆಗೆ ಹೋದರು.

ಹಳಿಯಾಳದಲ್ಲಿ ಕಬ್ಬು. ಅಲ್ಲಿಯ ಕಟಾವಿಗೆ ಹೊರಜಿಲ್ಲೆಗಳ ಗುಂಪುಗಳು ಬರುತ್ತವೆ. ಯಾರ ಗದ್ದೆ ಮೊದಲು, ಯಾರದು ಆಮೇಲೆ ಎಂಬ ಸರದಿಯ ಬಗ್ಗೆ ಜಗಳವೇನೋ ಇದೆ. ಆದರೆ ಸರದಿಯೆಂಬುದು ಇದೆ. ಮುಂಡಗೋಡದ ಬಯಲಿನಲ್ಲಿ ಭತ್ತ, ಗೋವಿನಜೋಳ, ಈಚೀಚೆಗೆ ಕೊಳವೆಬಾವಿ ನಂಬಿದ ಅಡಿಕೆ ತೋಟಗಳು. ಅಲ್ಲಿ ಮೋಟರ್ ರಿವೈಂಡಿಂಗ್ ಮಾಡುವವನಿಗೆ, ಟ್ರ್ಯಾಕ್ಟರ್ ರಿಪೇರಿಯವನಿಗೆ ಕೈತುಂಬ ಕೆಲಸ.

ಜೋಯಿಡಾದ ಕಥೆಯೇ ಬೇರೆ. ವಿಸ್ತಾರದಲ್ಲಿ ದೊಡ್ಡ ತಾಲ್ಲೂಕು, ಜನ ಕಡಿಮೆ: 2011ರ ಜನಗಣತಿಯಂತೆ ಸುಮಾರು 52 ಸಾವಿರ. ಎಪ್ಪತ್ತು–ಎಂಬತ್ತರ ದಶಕಗಳಲ್ಲಿ ಗಣೇಶಗುಡಿಯಲ್ಲಿ ಸೂಪಾ ಅಣೆಕಟ್ಟು ಎದ್ದಾಗ ವೆಲ್ಡರುಗಳು, ಡ್ರಿಲ್ಲರುಗಳು, ಕ್ರೇನ್ ನಡೆಸುವವರು ಹೊರಗಿನಿಂದ ಬಂದರು. ಹಳೆಯ ಸೂಪಾ ಪೇಟೆ ನೀರಿನಡಿ ಹೋಯಿತು, ಜನ ರಾಮನಗರಕ್ಕೆ ಹೋದರು. ಕೆಲಸ ಆಮೇಲೆ ಕೊಡಸಳ್ಳಿ, ಕದ್ರಾ, ಕೈಗಾಗಳಿಗೆ ಸರಿಯಿತು. ಕಸುಬು ಬಲ್ಲವರೂ ಅದರ ಹಿಂದೆ ಸರಿದರು. ಉಳವಿ, ಗುಂದ, ನಂದಿಗದ್ದೆಗಳ ಕಣಿವೆಯ ತೋಟಗಳಿಗೆ ಉಳಿದದ್ದು ಹಿಂದಿನಿಂದ ಬಂದ ಒಂದೇ ಕುಶಲ ಕಸುಬು, ಮರ ಹತ್ತುವುದು. ಈಗ ಅದೂ ಹೋಗುತ್ತಿದೆ. ಅಂಬೇವಾಡಿಯಿಂದ ಜೋಯಿಡಾಕ್ಕೆ ಹೆಚ್ಚೆಂದರೆ ಒಂದು ತಾಸಿನ ಹಾದಿ. ಹಾದಿಯ ಒಂದು ತುದಿಯಲ್ಲಿ ಕೆಲಸ ಹುಡುಕುವ ಫಿಟ್ಟರುಗಳು, ಇನ್ನೊಂದು ತುದಿಯಲ್ಲಿ ಆಳು ಹುಡುಕುವ ತೋಟಿಗರು.

ಕಸುಬು ಒಂದು ಊರಿನಲ್ಲಿ ನಿಲ್ಲಬೇಕಾದರೆ ನಾಲ್ಕು ಬೇಕು: ವರ್ಷದುದ್ದ ಕೆಲಸ, ಕಲಿಸುವ ಗುರು, ಅಪಘಾತಕ್ಕೆ ಆಸರೆ, ಜನರಲ್ಲಿ ಮರ್ಯಾದೆ. ಕಾರ್ಖಾನೆ ಫಿಟ್ಟರನಿಗೆ ಇವನ್ನು ಹೆಚ್ಚುಕಡಿಮೆ ಕೊಟ್ಟಿತು. 1961ರ ಅಪ್ರೆಂಟಿಸ್ ಕಾಯ್ದೆ ಅವನ ಕಲಿಕೆಗೆ ಒಂದು ಕಟ್ಟುಪಾಡು ಮಾಡಿತು, ಐಟಿಐ ಕೈಯಲ್ಲಿ ಪ್ರಮಾಣಪತ್ರ ಇಟ್ಟಿತು. ನಮ್ಮ ಕೊನೆಗೌಡನಿಗೆ ಯಾರು ಏನು ಕೊಟ್ಟರು? 1951ರ ತೋಟ ಕಾರ್ಮಿಕರ ಕಾಯ್ದೆ ಚಹಾ, ಕಾಫಿ, ರಬ್ಬರು, ಸಿಂಕೋನಾ, ಏಲಕ್ಕಿಗಳನ್ನು ಹೆಸರಿಸಿತು, ಅಡಿಕೆಯನ್ನು ಹೆಸರಿಸಲಿಲ್ಲ. ಹೆಸರಿಸಿದ್ದರೂ ನಮ್ಮ ಎರಡು ಎಕರೆ, ಮೂರು ಎಕರೆಯ ತೋಟಗಳು ಅದರ ಬಲೆಗೆ ಬೀಳುತ್ತಿರಲಿಲ್ಲ. ಹೆಸರಿನಲ್ಲಿ ಅವನನ್ನು ಗೌಡನೆಂದು ಕರೆದೆವು. ಗೌಡನ ಮರ್ಯಾದೆ ಮಾತ್ರ ಕೊಡಲಿಲ್ಲ.

ಅವನ ಕೆಲಸವಾದರೂ ಸಾಮಾನ್ಯವೇ? ಒಂದು ಮರದ ತಲೆಯಿಂದ ಪಕ್ಕದ ಮರವನ್ನು ಎಳೆದುಕೊಂಡು, ನೆಲಕ್ಕಿಳಿಯದೆ ದಾಟುವುದು. ಬೆಳೆದ ಕೊನೆ ಯಾವುದು, ಎಳೆಯದು ಯಾವುದೆಂದು ಕಣ್ಣಳತೆಯಲ್ಲೇ ತಿಳಿಯುವುದು. ಕೊಯ್ದ ಕೊನೆಯನ್ನು ಕೆಳಗಿನವನು ಹಿಡಿದ ಹಗ್ಗದಲ್ಲಿ ಕಾಯಿ ಉದುರದಂತೆ ಜಾರಿಸುವುದು. ಇದನ್ನು ಕಲಿಯಲು ಐಟಿಐಗಿಂತ ಕಡಿಮೆ ಕಾಲ ಸಾಲದು. ಮೈಸೂರು ಸಂಸ್ಥಾನದಲ್ಲಿದ್ದ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಕೊಳೆರೋಗಕ್ಕೆ ಬೋರ್ಡೋ ಮದ್ದಿನ ಉಪಾಯ ತೋರಿಸಿಕೊಟ್ಟರು. ಮೈಲುತುತ್ತ ಒಂದು ಕಿಲೋ, ಸುಣ್ಣ ಒಂದು ಕಿಲೋ, ನೀರು ನೂರು ಲೀಟರು, ಲೆಕ್ಕ ಸುಲಭ. ಆದರೆ ಆ ಮದ್ದನ್ನು ಕೊನೆಯ ಸಂದುಸಂದಿಗೂ ಮುಟ್ಟಿಸಿ ನೂರು ವರ್ಷ ನಮ್ಮ ಬೆಳೆ ಉಳಿಸಿದ್ದು ಮರದ ಮೇಲಿನ ಮನುಷ್ಯ. ಎರಡನೆಯ ಮದ್ದು ನಲವತ್ತೈದು ದಿನದೊಳಗೆ ಬೀಳದಿದ್ದರೆ ಏನಾಗುತ್ತದೆಂದು ಯಾವ ಸದಸ್ಯರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಈಗಂತೂ ಎಲೆಚುಕ್ಕೆ ರೋಗವೂ ಸೇರಿಕೊಂಡು ಮರದ ತಲೆಗೆ ಮದ್ದು ಮುಟ್ಟಿಸುವ ಕೆಲಸ ಹೆಚ್ಚಾಗಿದೆ.

ಯಂತ್ರ ಬಂದಿದೆಯಲ್ಲ, ಆಳಿನ ಗೊಡವೆ ಏಕೆ ಎಂದು ಕೆಲವು ತರುಣ ಸದಸ್ಯರು ಕೇಳುತ್ತಾರೆ. ಕಾರ್ಬನ್ ಫೈಬರ್ ದೋಟಿ ಬಂದಿರುವುದು ನಿಜ. ನೆಲದಲ್ಲೇ ನಿಂತು ಮದ್ದು ಹೊಡೆಯಬಹುದು, ಕೊನೆಯನ್ನೂ ಕೊಯ್ಯಬಹುದು. ಬಂಟ್ವಾಳದ ರೈತರೊಬ್ಬರು ಮಾಡಿದ ಮರವೇರುವ ಸ್ಕೂಟರು 2019ರಲ್ಲಿ ದೇಶದ ತುಂಬ ಸುದ್ದಿಯಾಯಿತು. ಇವನ್ನು ನಾವು ಸ್ವಾಗತಿಸುತ್ತೇವೆ. ಆದರೆ ದೋಟಿ ಹಿಡಿಯುವುದೂ ಒಂದು ವಿದ್ಯೆ. ಒಂದು ದಿನ ಹಿಡಿದು ಕುತ್ತಿಗೆ, ತೋಳು ನೋವೆಂದು ಮೂಲೆಗಿಟ್ಟವರು ನಮ್ಮಲ್ಲೇ ಇದ್ದಾರೆ. ಇಳಿಜಾರಿನ ಹಳೆಯ ತೋಟದಲ್ಲಿ, ಒಂದಕ್ಕೊಂದು ಎತ್ತರ ಸೇರದ ಮರಗಳಲ್ಲಿ ಹತ್ತುವವನು ಇನ್ನೂ ಬೇಕು. ಇನ್ನು ಯಂತ್ರವೆಂದ ಮೇಲೆ ಅದು ಕೆಡುವುದೂ ಉಂಟು, ಅದೂ ಹೊಳವಾದ ದಿನವೇ. ಆಗ ಬೇಕಾಗುವವನು ಅಂಬೇವಾಡಿಯ ಆ ಫಿಟ್ಟರ್. ಯಂತ್ರ ಬಂದುದರಿಂದ ನಮಗೆ ಒಂದು ಕಸುಬಿನವನು ಸಾಲದೆ ಇಬ್ಬರು ಬೇಕಾಗಿದ್ದಾರೆ.

ಬೇರೆಯವರು ಏನು ಮಾಡಿದ್ದಾರೆ ನೋಡೋಣ. ತೆಂಗು ಅಭಿವೃದ್ಧಿ ಮಂಡಳಿ 2011ರಲ್ಲಿ 'ತೆಂಗಿನ ಮರದ ಸ್ನೇಹಿತರು' ಎಂಬ ತರಬೇತಿಯನ್ನು ಕೇರಳದಲ್ಲಿ ಆರಂಭಿಸಿ, ಕಲಿತವರಿಗೆ ಮರ ಹತ್ತುವ ಸಾಧನ ಕೊಟ್ಟು ವಿಮೆಯನ್ನೂ ಮಾಡಿಸಿತು. ನಮ್ಮ ದಕ್ಷಿಣ ಕನ್ನಡದ ವಿಟ್ಲದಲ್ಲಿಯೂ 2018ರಲ್ಲಿ ಕ್ಯಾಂಪ್ಕೋ ಮುಂತಾದ ಸಂಸ್ಥೆಗಳು ಸೇರಿ ಅಡಿಕೆ ಮರ ಹತ್ತುವ ತರಬೇತಿ ಶಿಬಿರ ನಡೆಸಿದವು. ಅಂದರೆ ಇದು ಹುಟ್ಟಿನಿಂದ ಬರಬೇಕಾದ ಕಸುಬಲ್ಲ. ಕಲಿಸಿದರೆ ಬರುವ ಕಸುಬು. ನಮ್ಮ ಮಗ್ಗುಲಲ್ಲೇ ಹಳಿಯಾಳದಲ್ಲಿ ಕೆನರಾ ಬ್ಯಾಂಕ್ ದೇಶಪಾಂಡೆ ಗ್ರಾಮೀಣ ಸ್ವಯಂ ಉದ್ಯೋಗ ತರಬೇತಿ ಸಂಸ್ಥೆಯಿದೆ. ನಾವು ಹೋಗಿ ಕೇಳಿದ್ದೇವೆಯೇ? ಕೇಳಿಲ್ಲ. ತಪ್ಪು ಕಾರ್ಯದರ್ಶಿಯಾದ ನಮ್ಮದೇ.

ಈಗ ನಮ್ಮ ಸಲಹೆಗಳು.

ಒಂದು: ಸಂಘದ ಕಚೇರಿಯಲ್ಲಿ ಕುಶಲಕರ್ಮಿಗಳ ಒಂದು ರಜಿಸ್ಟರ್ ಇಡಬೇಕು. ಮರ ಹತ್ತುವವರು, ದೋಟಿ ಹಿಡಿಯುವವರು, ಪಂಪು–ಮೋಟರು ರಿಪೇರಿಯವರು, ಕಾಫಿಯ ಕಸಿ ಮತ್ತು ಮರಗಸಿ ಬಲ್ಲವರು ಎಲ್ಲರ ಹೆಸರೂ ಅದರಲ್ಲಿರಲಿ. ಸದಸ್ಯರು ಸಂಘದ ಮೂಲಕವೇ ಸರದಿ ಹಿಡಿಯಲಿ. ಒಬ್ಬರ ಆಳನ್ನು ಇನ್ನೊಬ್ಬರು ರಾತ್ರೋರಾತ್ರಿ ನೂರು ರೂಪಾಯಿ ಹೆಚ್ಚಿಗೆ ಹೇಳಿ ಎಳೆದುಕೊಳ್ಳುವ ಚಾಳಿ ನಿಲ್ಲಬೇಕು. ದೊಡ್ಡ ತೋಟದವನು ಮೊದಲು, ಚಿಕ್ಕವನು ಕೊನೆಗೆ ಎಂಬುದೂ ಹೋಗಬೇಕು. ಕಬ್ಬಿನವರಿಗೆ ಸಾಧ್ಯವಾದದ್ದು ನಮಗೇಕೆ ಆಗದು?

ಎರಡು: ಊರೂರಿನ ವ್ಯತ್ಯಾಸವನ್ನೇ ಲಾಭ ಮಾಡಿಕೊಳ್ಳಬೇಕು. ಘಟ್ಟದಂಚಿನಲ್ಲಿ ಮಳೆ ಹೆಚ್ಚು, ಮದ್ದಿನ ಗಡಿಬಿಡಿ ಹೆಚ್ಚು. ಮುಂಡಗೋಡದ ಬಯಲಿನಲ್ಲಿ ಮಳೆ ಕಡಿಮೆ, ಆ ಗಡಿಬಿಡಿಯೂ ಕಡಿಮೆ. ಕೆಂಪಡಿಕೆ ಮಾಡುವವರ ಕೊಯ್ಲು ಮೊದಲು, ಚಾಲಿ ಮಾಡುವವರದು ಆಮೇಲೆ. ಏಪ್ರಿಲ್–ಮೇ ತಿಂಗಳಲ್ಲಿ ಮರಗಸಿ, ಮುಂದೆ ಮದ್ದು, ದಸರೆಯಿಂದ ಕೆಂಪಡಿಕೆ, ಸಂಕ್ರಾಂತಿಯ ಸುಮಾರಿಗೆ ಚಾಲಿ ಮತ್ತು ಕಾಫಿ, ಜೊತೆಗೆ ಮೆಣಸು, ಕೊಯ್ಲು ಮುಗಿದೊಡನೆ ಕಾಫಿಯ ಕಸಿ. ಒಂದು ತಂಡವನ್ನು ತಾಲ್ಲೂಕಿನಿಂದ ತಾಲ್ಲೂಕಿಗೆ ಸಾಗಿಸಿದರೆ ಹತ್ತು ತಿಂಗಳ ಕೆಲಸ ಸಿಕ್ಕುತ್ತದೆ. ನಾಲ್ಕು ತಿಂಗಳ ಕೂಲಿಯನ್ನು ನಂಬಿ ಗೋವೆ ಬಿಟ್ಟು ಬಾ ಎಂದರೆ ಯಾರೂ ಬರಲಾರರು.

ಮೂರು: ವಿಮೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಂತು. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯವಾದರೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ. ರಜಿಸ್ಟರಿನಲ್ಲಿರುವ ಪ್ರತಿಯೊಬ್ಬರ ಕಂತನ್ನೂ ಸಂಘವೇ ತುಂಬಬೇಕು. ಆದರೆ ಕಾಲು ಮುರಿದು ಮೂರು ತಿಂಗಳು ಮಲಗಿದವನಿಗೆ ಈ ವಿಮೆ ಅನ್ನ ಹಾಕುವುದಿಲ್ಲ. ಅದಕ್ಕಾಗಿ ಸಂಘದ ಮೂಲಕ ಮಾರಾಟವಾಗುವ ಪ್ರತಿ ಕ್ವಿಂಟಲ್ ಅಡಿಕೆಯ ಮೇಲೆ 10 ರೂಪಾಯಿ ಹಿಡಿದು ಒಂದು ಆಪತ್ಕಾಲ ನಿಧಿ ಕಟ್ಟಬೇಕೆಂದು ನಮ್ಮ ಸೂಚನೆ. ಹತ್ತು ಕ್ವಿಂಟಲ್ ಮಾರುವವರಿಗೆ ವರ್ಷಕ್ಕೆ ನೂರು ರೂಪಾಯಿ. ಪಟ್ಟಿಗೆ ಬರೆದ ಹಣ ಕೊಡುವವನ ಮರ್ಜಿ. ನಿಧಿಯ ಹಣ ದುಡಿಯುವವನ ಹಕ್ಕು. ಆ ಹುಡುಗ ನಮಗೆ ಹೇಳಿದ್ದು ಇದನ್ನೇ.

ನಾಲ್ಕು: ಇನ್ನೂ ಉಳಿದಿರುವ ಹಿರಿಯ ಕೊನೆಗೌಡರನ್ನು ಗೌರವಧನ ಕೊಟ್ಟು ಗುರುಗಳನ್ನಾಗಿ ಕೂರಿಸಬೇಕು. ಮರ ಹತ್ತಲಾರದ ವಯಸ್ಸಾದರೂ ಹತ್ತಿಸಲು ಅವರು ಬಲ್ಲರು. ನಾಲ್ಕೂ ತಾಲ್ಲೂಕುಗಳ ಹುಡುಗರಿಗೆ ಬಾಗಿಲು ತೆರೆದಿರಲಿ. ಸೊಂಟದ ಪಟ್ಟಿ, ಸುರಕ್ಷಾ ಹಗ್ಗ ಕಡ್ಡಾಯವಾಗಲಿ. ಕಲಿತವನಿಗೆ ಪ್ರಮಾಣಪತ್ರವೂ ಇರಲಿ, ಊಟಕ್ಕೆ ನಮ್ಮ ಸಾಲಿನಲ್ಲೇ ಎಲೆಯೂ ಇರಲಿ. ನಮ್ಮ ಸ್ವಂತ ಮಕ್ಕಳು ಬೆಂಗಳೂರು ಸೇರಿದ್ದನ್ನು ಹೆಮ್ಮೆಯಿಂದ ಹೇಳುವ ನಾವು, ಕೊನೆಗೌಡನ ಮಗ ಗೋವೆಗೆ ಹೋದದ್ದನ್ನು ಮಾತ್ರ ಅಪರಾಧವೆಂಬಂತೆ ಆಡಿಕೊಳ್ಳುವುದು ನ್ಯಾಯವಲ್ಲ.

ಇದಕ್ಕೆಲ್ಲ ಹಣ ಎಲ್ಲಿಂದ ಎಂದು ಕೇಳುವವರಿಗೆ ನಮ್ಮದೊಂದು ಮರುಪ್ರಶ್ನೆ: ಕಳೆದ ಕೊಳೆಯಲ್ಲಿ ನಿಮ್ಮ ಮರದ ಬುಡದಲ್ಲಿ ಉದುರಿದ ಅಡಿಕೆಯ ಬೆಲೆ ಎಷ್ಟು? ಅದನ್ನು ಕಟ್ಟಿಟ್ಟ ಲೆಕ್ಕಪುಸ್ತಕ ಯಾರ ಮನೆಯಲ್ಲೂ ಇಲ್ಲ. ಇದ್ದಿದ್ದರೆ ಹತ್ತು ರೂಪಾಯಿಯ ಮಾತು ಹೆಚ್ಚೆನಿಸುತ್ತಿರಲಿಲ್ಲ.

ಸಪ್ಟೆಂಬರಿನ ವಾರ್ಷಿಕ ಮಹಾಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಲು ಆಡಳಿತ ಮಂಡಳಿಯನ್ನು ಕೋರಿದ್ದೇವೆ. ಸದಸ್ಯರು ತಮ್ಮ ಒಪ್ಪಿಗೆಯನ್ನಾಗಲಿ ಆಕ್ಷೇಪವನ್ನಾಗಲಿ ಅದಕ್ಕೆ ಮೊದಲು ಕಚೇರಿಗೆ ಬರೆದು ತಿಳಿಸಬೇಕಾಗಿ ವಿನಂತಿ. ಅಷ್ಟರೊಳಗೆ, ಈ ಮಳೆಗಾಲದಲ್ಲಿ ನಿಮ್ಮ ತೋಟಕ್ಕೆ ಮರ ಹತ್ತಲು ಬರುವವರ ಹೆಸರು, ವಯಸ್ಸು, ಬ್ಯಾಂಕ್ ಖಾತೆ ಇದೆಯೇ ಇಲ್ಲವೇ ಎಂಬಷ್ಟನ್ನು ಒಂದು ಚೀಟಿಯಲ್ಲಿ ಬರೆದು ಕಳಿಸಿ. ಇಪ್ಪತ್ತು ರೂಪಾಯಿಯ ಕಂತಿಗೆ ಮಹಾಸಭೆಯ ಠರಾವು ಕಾಯಬೇಕಾಗಿಲ್ಲ. ಈ ವರ್ಷದ ಮಟ್ಟಿಗೆ ಅದನ್ನು ನಾವೇ ಕೈಯಿಂದ ತುಂಬುತ್ತೇವೆ.

— ಕಾರ್ಯದರ್ಶಿ